ಬ್ಲ್ಯಾಕ್‌ಪೂಲ್ ಕಡಲಿಗೆ, ಸ್ವಂತ ದುಡ್ಡಿನಲ್ಲಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕಡಲತೀರಗಳಲ್ಲಿ ತೆಗೆದ ಫೋಟೊಗಳನ್ನು ನೋಡಿದರೆ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ನೀರಿಗಿಳಿದಿದ್ದರೂ ಕೋಟು, ವೇಸ್ಟ್‌ಕೋಟು, ಹ್ಯಾಟುಗಳನ್ನು ಬಿಡದ ಗಂಡಸರು ಮತ್ತೆ ಮತ್ತೆ ಎದುರಾಗುತ್ತಾರೆ. ಮೊದಲ ಸಲ ನನಗೂ ನಗು ಬಂದಿತ್ತು. ಆದರೆ ಅವರಲ್ಲಿ ಅನೇಕರಿಗೆ ಅದು ಇದ್ದುದರಲ್ಲೇ ಒಳ್ಳೆಯ ಜೊತೆ ಬಟ್ಟೆ. ಅದನ್ನು ತೊಟ್ಟು ಹೊರಡುವ ದಿನಗಳೇ ವರ್ಷಕ್ಕೆ ಬೆರಳೆಣಿಕೆಯಷ್ಟು.

ಇಂಗ್ಲೆಂಡಿನ ವಾಯವ್ಯ ಭಾಗದ ಲಂಕಾಶೈರಿನ ಹತ್ತಿ ಗಿರಣಿಗಳ ಊರುಗಳಲ್ಲಿ ‘ವೇಕ್ಸ್’ ಎಂಬ ರಜೆಯಿತ್ತು. ಚರ್ಚಿನ ಊರಹಬ್ಬವಾಗಿ ಹುಟ್ಟಿದ ಈ ಆಚರಣೆ ಗಿರಣಿಗಳ ಕಾಲಕ್ಕೆ ಇಡೀ ಊರೇ ಒಟ್ಟಿಗೆ ಕೆಲಸ ನಿಲ್ಲಿಸುವ ರಜೆಯಾಯಿತು. ಓಲ್ಡ್‌ಹ್ಯಾಮಿನಲ್ಲಿ ಅದು ಆಗಸ್ಟ್ ಕೊನೆಗೆ ಬರುತ್ತಿತ್ತು. ಇದನ್ನು ಮಾಲೀಕರ ಔದಾರ್ಯವೆಂದು ಬಣ್ಣಿಸುವವರ ಮಾತನ್ನು ನಾನು ಒಪ್ಪಲಾರೆ. ಆ ಬಿಡುವಿನಲ್ಲಿ ಗಿರಣಿಯ ಬಾಯ್ಲರ್‌ಗಳ ಶುಚಿ, ದುರಸ್ತಿ ನಡೆಯುತ್ತಿತ್ತು, ಕೆಲಸಗಾರರಿಗೆ ಕೂಲಿ ಇರುತ್ತಿರಲಿಲ್ಲ. 1871ರ ಕಾನೂನು ‘ಬ್ಯಾಂಕ್ ರಜೆ’ ಎಂಬ ಕೆಲವು ಸಾರ್ವಜನಿಕ ರಜೆಗಳನ್ನು ಕೊಟ್ಟಿತಾದರೂ, ಸಂಬಳಸಹಿತ ರಜೆಯ ಕಾನೂನು ಬಂದದ್ದು 1938ರಲ್ಲಿ. ಅಲ್ಲಿಯವರೆಗೆ ಅದೇ ಲಂಕಾಶೈರಿನ ಕಡಲತೀರದ ಊರಾದ ಬ್ಲ್ಯಾಕ್‌ಪೂಲಿಗೆ ಹೋಗಿ ಕಡಲು ನೋಡಬೇಕೆಂದರೆ ರೈಲಿನ ಟಿಕೆಟ್ಟಿನ ಜೊತೆಗೆ ಕಳೆದುಕೊಂಡ ಕೂಲಿಯನ್ನೂ ಖರ್ಚಿನ ಲೆಕ್ಕಕ್ಕೇ ಸೇರಿಸಿಕೊಳ್ಳಬೇಕಿತ್ತು.

ಅದಕ್ಕಾಗಿಯೇ ಅವರು ಉಳಿತಾಯದ ಕ್ಲಬ್‌ಗಳನ್ನು ಕಟ್ಟಿಕೊಂಡರು. ನಮ್ಮ ಚೀಟಿಯ ಹಾಗೆಯೇ, ಆದರೆ ಹರಾಜಿಲ್ಲದೆ, ವಾರವಾರವೂ ಕೆಲವು ಪೆನ್ನಿಗಳನ್ನು ಕಟ್ಟಿ, ವೇಕ್ಸ್ ಬಂದಾಗ ಒಟ್ಟು ಹಣ ಪಡೆಯುತ್ತಿದ್ದರು. ತಕ್ಕಮಟ್ಟಿಗೆ ಕೂಡಿಸಿದವರು ಕೆಲವು ದಿನ ತಂಗುತ್ತಿದ್ದರು. ಉಳಿದವರು ಅಗ್ಗದ ವಿಶೇಷ ರೈಲಿನಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ಮರಳುತ್ತಿದ್ದರು.

ತಂಗುವ ಮನೆಗಳ ಲೆಕ್ಕವೂ ಸ್ವಾರಸ್ಯದ್ದು. ಅತಿಥಿಗಳು ಅಡುಗೆಯ ಸಾಮಾನನ್ನು ತಾವೇ ತಂದುಕೊಡುವುದು, ಮನೆಯೊಡತಿ ಅದನ್ನು ಬೇಯಿಸಿ ಬಡಿಸುವುದು ರೂಢಿಯಾಗಿತ್ತು. ಮೇಜಿನ ಮೇಲಿನ ಉಪ್ಪು, ಮೆಣಸು, ವಿನೆಗರ್ ಬಳಸಿದ್ದಕ್ಕೆ ಬಿಲ್ಲಿನಲ್ಲಿ ಬೇರೆಯೇ ಬಾಬತ್ತು ಸೇರುವುದೂ ಉಂಟು. (ಈ ಒಡತಿಯರನ್ನು ಜಿಪುಣಿಯರೆಂದು ಗೇಲಿ ಮಾಡಿದವರು ಬಹಳ, ಆದರೆ ಬೇಸಿಗೆಯ ಕೆಲವೇ ವಾರಗಳ ಗಳಿಕೆಯಲ್ಲಿ ಇಡೀ ವರ್ಷ ದೂಡಬೇಕಾದವರ ಕೈ ಬಿಗಿಯಾಗದೆ ಇನ್ನೇನಾದೀತು!)

1846ರಲ್ಲಿ ರೈಲು ಬಂದ ಬ್ಲ್ಯಾಕ್‌ಪೂಲಿನಲ್ಲಿ ವರ್ಗಭೇದ ಸಮುದ್ರದ ಮೇಲೂ ಚಾಚಿಕೊಂಡಿತ್ತು. ಸಮುದ್ರದೊಳಕ್ಕೆ ಚಾಚಿದ ಅಡ್ಡಾಟದ ಕಟ್ಟೆಗಳಲ್ಲಿ (ಪಿಯರ್) 1863ರ ಉತ್ತರದ ಕಟ್ಟೆ ಪ್ರವೇಶಶುಲ್ಕವಿಟ್ಟು ‘ಮರ್ಯಾದಸ್ಥ’ರ ತಾಣವಾಗಿ ಉಳಿಯಲು ನೋಡಿದರೆ, 1868ರ ಮಧ್ಯದ ಕಟ್ಟೆ ಬಯಲು ಕುಣಿತಕ್ಕೆ ಹೆಸರಾಗಿ ‘ಜನರ ಕಟ್ಟೆ’ ಎನಿಸಿಕೊಂಡಿತು. 1894ರಲ್ಲಿ 518 ಅಡಿಯ ಗೋಪುರ ಎದ್ದಾಗ ಅದನ್ನು ಹತ್ತಲು ದುಡ್ಡು ಕೊಟ್ಟವರಲ್ಲಿ ಗಿರಣಿಯವರೂ ಸೇರಿದ್ದರು. ಊರನ್ನು ಬೆಳೆಸಿದ್ದು ಯಾರ ಹಣ ಎಂಬ ಬಗ್ಗೆ ನನಗೆ ಅನುಮಾನವಿಲ್ಲ.

ಧಾರವಾಡ ಸೀಮೆಯ ಹತ್ತಿ ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟವಿಳಿದು ಕುಮಟಾ ಬಂದರಿನಿಂದ ಸಾಗುತ್ತಿತ್ತು, ಇಂಗ್ಲೆಂಡಿನ ಪೇಟೆಯಲ್ಲೂ ಅದಕ್ಕೆ ಕುಮಟಾ ಎಂದೇ ಹೆಸರು. ಹತ್ತಿ ಬೆಳೆದು ಸಾಗಿಸಿದ ನಮ್ಮವರಿಗೆ ಕಡಲು ದುಡಿಮೆಯ ದಾರಿಯಾಗಿದ್ದರೆ, ಹತ್ತಿ ನೂತವರಿಗೆ ಅದೇ ಬಿಡುವಿನ ಜಾಗವಾಗಿತ್ತು.

ವೇಕ್ಸ್ ಮುಗಿದ ಮೇಲೆ ಬಾಯ್ಲರ್‌ಗಳಿಗೆ ಮತ್ತೆ ಬೆಂಕಿ ಬೀಳುತ್ತಿತ್ತು. ಮರಳಿ ಬಂದವರು ಮರದ ಅಟ್ಟೆಯ ಕ್ಲಾಗ್ ತೊಟ್ಟು ಗಿರಣಿಗೆ ನಡೆಯುತ್ತಿದ್ದರು, ಮುಂದಿನ ವರ್ಷದ ಕ್ಲಬ್ಬಿಗೆ ಮತ್ತೆ ಮೊದಲಿನಿಂದ ಪೆನ್ನಿ ಕಟ್ಟತೊಡಗುತ್ತಿದ್ದರು.