‘ಗೌರವದಿಂದ ಮಾತಾಡಿ’ ಅಂದರೆ ಸಾಲದು

ನಮ್ಮ ಕಡೆಯ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿಗೆ ನಾನೂ ಒಬ್ಬ ಅಡ್ಮಿನ್. ಮಾತಿಗೆ ನಿಯಮ ಬೇಕು ಅಂದಾಗಲೆಲ್ಲ ಗುಂಪಿನಲ್ಲಿ ಒಂದೇ ಮಾತು ಬರುತ್ತದೆ: "ನಾವೇನು ಸಣ್ಣ ಮಕ್ಕಳಾ? ಎಲ್ಲರಿಗೂ ಗೊತ್ತಿರೋದೇ ಅಲ್ವಾ?" ಗೊತ್ತಿರಬಹುದು. ಆದರೂ ನಿಯಮ ಬೇಕು, ಅದನ್ನು ಬರೆದೇ ಇಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂತ ಹೇಳುತ್ತೇನೆ. ಮಳೆಗಾಲದಲ್ಲಿ ಕೊಳೆ ರೋಗ ಬಂತು ಅಂದರೆ ಕಾಯಲು ಸಮಯ ಇರುವುದಿಲ್ಲ. ಮಳೆ ಬಿಡದೆ ಹಿಡಿದರೆ ಕೆಲವೇ ದಿನಗಳಲ್ಲಿ ಕಾಯಿ ಕೊಳೆತು ಮರದ ಬುಡದಲ್ಲಿ ಬಿದ್ದಿರುತ್ತದೆ. ಆಗ ಹೊಸದಾಗಿ ತೋಟಕ್ಕೆ ಬಂದ ಹುಡುಗನೊಬ್ಬ ಗುಂಪಿನಲ್ಲಿ ಕೇಳುತ್ತಾನೆ, "ಬೋರ್ಡೋಗೆ ಸುಣ್ಣ ಎಷ್ಟು ಹಾಕಬೇಕು?" ಬೋರ್ಡೋ ಅಂದರೆ ಕೊಳೆ ಬಾರದಂತೆ ಹೊಡೆಯುವ ದ್ರಾವಣ. ಉತ್ತರ ಒಂದೇ ಸಾಲಿನದು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಆದರೆ ಅವನಿಗೆ ಮೊದಲು ಸಿಗುವುದು ನಾಲ್ಕು ನಗುವ ಎಮೋಜಿ. ಆಮೇಲೆ "ಇಷ್ಟೂ ಗೊತ್ತಿಲ್ದೆ ತೋಟ ಮಾಡ್ತೀಯಾ" ಅನ್ನುವ ಮಾತು. ಮೈಸೂರು ಸಂಸ್ಥಾನದ ಕಾಲದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಈ ರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ಹೊಡೆಯುವುದನ್ನು ಬೆಳೆಗಾರರಿಗೆ ಕಲಿಸಿ 100 ವರ್ಷದ ಮೇಲಾಯಿತು. ಆಗ ನಮ್ಮ ಹಿರಿಯರಿಗೂ ಅದು ಗೊತ್ತಿರಲಿಲ್ಲ. ಯಾರೋ ಹೇಳಿಕೊಟ್ಟರು, ಅವರು ಕಲಿತರು.

ಆ ಹುಡುಗ ಇನ್ನೊಮ್ಮೆ ಕೇಳುವುದಿಲ್ಲ. ಅವನನ್ನು ನೋಡಿದ ಹತ್ತು ಜನವೂ ಕೇಳುವುದಿಲ್ಲ. ಜೋರಾಗಿ ಮಾತಾಡುವವರಿಗೆ ನಿಯಮ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಾತೇ ನಿಲ್ಲಿಸಿಬಿಟ್ಟವರ ಸಲುವಾಗಿ ನಿಯಮ ಬೇಕಾಗಿದೆ. ತೋಟ ನೋಡಿಕೊಳ್ಳುವ ಹೆಂಗಸರು ನಮ್ಮ ಗುಂಪಿನಲ್ಲಿ ಬೇಕಾದಷ್ಟಿದ್ದಾರೆ. ಅವರು ಪ್ರಶ್ನೆ ಹಾಕಿದರೆ "ನಿಮ್ಮ ಯಜಮಾನ್ರಿಗೆ ಫೋನ್ ಕೊಡಿ" ಅನ್ನುವವರೂ ಇದ್ದಾರೆ. ಔಷಧಿ ಲೆಕ್ಕ, ಆಳಿನ ಲೆಕ್ಕ ಎಲ್ಲ ನೋಡಿಕೊಳ್ಳುವುದು ಆಕೆ. ಯಜಮಾನರು ಊರಲ್ಲೇ ಇರುವುದಿಲ್ಲ. ನನಗೆ ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ, ಆ ಮನೆಯ ವರ್ಷದ ಫಸಲಿನ ಪ್ರಶ್ನೆ.

ಹೆಚ್ಚಿನ ಗುಂಪುಗಳಲ್ಲಿ ನಿಯಮ ಅಂತ ಇರುವುದು ಒಂದೇ ಸಾಲು: "ಎಲ್ಲರೂ ಗೌರವದಿಂದ ಮಾತಾಡಿ." ಇದರಿಂದ ಏನೂ ಆಗುವುದಿಲ್ಲ. ಬೈದವನೂ ತಾನು ಗೌರವದಿಂದಲೇ ಮಾತಾಡಿದೆ ಅನ್ನುತ್ತಾನೆ. ಹೊರಗಿನವರು ನೋಡಿದರೂ ಮುರಿದಿದ್ದಾರೋ ಇಲ್ಲವೋ ಅಂತ ಹೇಳುವ ಹಾಗಿರಬೇಕು ನಿಯಮ. ವಿಕಿಪೀಡಿಯಾದಲ್ಲಿ ಇಂಥದ್ದೊಂದಿದೆ. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಒಂದೇ ಪುಟದಲ್ಲಿ ಬೇರೆಯವರ ತಿದ್ದುಪಡಿಯನ್ನು 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಅಳಿಸಿ ಹಿಂದಿನಂತೆ ಮಾಡುವ ಹಾಗಿಲ್ಲ. ಯಾರ ಮನಸ್ಸಿನಲ್ಲಿ ಏನಿತ್ತು ಅಂತ ಕೆದಕಬೇಕಾಗಿಲ್ಲ, ಎಣಿಸಿದರೆ ಸಾಕು.

ನಾನು ಜಾಸ್ತಿ ಕಲಿತದ್ದು ಲೋಕಸಭೆಯ ನಿಯಮಾವಳಿಯಿಂದ. ಅಲ್ಲಿನ ಗಲಾಟೆ ಟಿವಿಯಲ್ಲಿ ನೋಡಿದವರಿಗೆ ಇದು ವಿಚಿತ್ರ ಅನಿಸಬಹುದು. ಆದರೆ ಬರೆದಿಟ್ಟ ನಿಯಮಗಳು ಚೆನ್ನಾಗಿವೆ. 352ನೇ ನಿಯಮದ ಪ್ರಕಾರ ಇನ್ನೊಬ್ಬ ಸದಸ್ಯರ ಉದ್ದೇಶವನ್ನೇ ಅನುಮಾನಿಸಿ ವೈಯಕ್ತಿಕ ಆರೋಪ ಮಾಡುವಂತಿಲ್ಲ. ನಮ್ಮ ಗುಂಪಿನ ಅರ್ಧ ಜಗಳ ಇಲ್ಲಿಂದಲೇ ಶುರುವಾಗುತ್ತದೆ. ಸಾವಯವದವರು ಏನಾದರೂ ಹೇಳಿದರೆ "ನಿಮಗೆ ಪ್ರಚಾರ ಬೇಕು", ಔಷಧಿ ಹೊಡೆಯುವವರು ಹೇಳಿದರೆ "ಕಂಪನಿಯವರು ಎಷ್ಟು ಕೊಟ್ರು". ಹೀಗೆ ಅಂದಮೇಲೆ ಎಲೆಚುಕ್ಕೆ ರೋಗದ ಮಾತು ಅಲ್ಲಿಗೇ ಮುಗಿಯಿತು. ಅದಕ್ಕೇ ನಾವು ಬರೆದೆವು: ಹೇಳಿದ ಮಾತು ತಪ್ಪು ಅನ್ನಿ, ಯಾಕೆ ತಪ್ಪು ಅಂತ ಹೇಳಿ. ಹೇಳಿದವರು ಯಾಕೆ ಹೇಳಿದರು ಅನ್ನುವುದಕ್ಕೆ ಕೈ ಹಾಕಬೇಡಿ.

353ನೇ ನಿಯಮ ಇನ್ನೂ ಉಪಯೋಗಕ್ಕೆ ಬಂತು. ಯಾರ ಮೇಲಾದರೂ ಮಾನ ಹೋಗುವಂಥ ಆರೋಪ ಮಾಡುವುದಿದ್ದರೆ ಸಭಾಧ್ಯಕ್ಷರಿಗೆ, ಸಂಬಂಧಪಟ್ಟ ಸಚಿವರಿಗೆ ಮೊದಲೇ ತಿಳಿಸಬೇಕು. ವಿಚಾರಿಸಿ ಉತ್ತರ ಕೊಡಲು ಸಮಯ ಸಿಗಲಿ ಅಂತ. ನಮ್ಮಲ್ಲಿ ಒಬ್ಬ ನರ್ಸರಿಯವರು ಕೊಟ್ಟ ಸಸಿ ಸರಿಯಿಲ್ಲ ಅಂತ ಯಾರೋ ಹಾಕಿದರು. ಸಂಜೆಯೊಳಗೆ ಅದು ಊರೂರು ಸುತ್ತಿತು. ಸಸಿ ಸರಿಯಿತ್ತೋ ಇಲ್ಲವೋ ಈಗಲೂ ಯಾರೂ ನೋಡಿಲ್ಲ. ಈಗಿನ ನಿಯಮ: ಅಂಗಡಿ, ನರ್ಸರಿ, ಮಂಡಿ, ಯಾವುದರ ಮೇಲೆ ದೂರಿದ್ದರೂ ಮೊದಲು ಅವರಿಗೊಂದು ಫೋನ್ ಮಾಡಿ. ಅವರು ಏನಂದರು ಅನ್ನುವುದನ್ನೂ ಸೇರಿಸಿ ಬರೆಯಿರಿ. ದೂರು ಹೇಳಬೇಡಿ ಅಂತ ನಾವು ಹೇಳುತ್ತಿಲ್ಲ, ಅದನ್ನು ಮಾತ್ರ ಯಾರೂ ತಪ್ಪು ತಿಳಿಯಬಾರದು.

ಕಡತದಿಂದ ಮಾತು ತೆಗೆಯುವ ರೀತಿಯೂ ನನಗೆ ಹಿಡಿಸಿತು. 380ನೇ ನಿಯಮದಡಿ ಸಭಾಧ್ಯಕ್ಷರು ಅಸಭ್ಯ ಮಾತನ್ನು ತೆಗೆಸಬಹುದು. ಆದರೆ ಗುಟ್ಟಾಗಿ ಅಲ್ಲ. ಆ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿ, ತೆಗೆಯಲಾಗಿದೆ ಅಂತ ಕೆಳಗೆ ಬರೆಯುತ್ತಾರೆ. ವಾಟ್ಸಾಪ್‌ನಲ್ಲೂ ಅಡ್ಮಿನ್ ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ. ನಾವು ಅದರ ಕೆಳಗೆ ಯಾವ ನಿಯಮಕ್ಕೆ ಅಳಿಸಿದೆವು ಅಂತಲೂ ಹಾಕುತ್ತೇವೆ. ಅಡ್ಮಿನ್ ಮನಸ್ಸಿಗೆ ಬಂದಂತೆ ಮಾಡುತ್ತಾನೆ ಅನ್ನುವ ಗುಮಾನಿಗೆ ಜಾಗ ಇರಬಾರದು.

"ವಾಕ್ ಸ್ವಾತಂತ್ರ್ಯ ಇಲ್ವಾ?" ಅಂತ ಕೇಳುತ್ತಾರೆ. ಖಂಡಿತ ಇದೆ. ಆನ್‌ಲೈನ್‌ನಲ್ಲಿ ಕಿರಿಕಿರಿಯ ಮಾತು ಬರೆದರೂ ಜೈಲಿಗೆ ಹಾಕಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ನನಗೆ ಸಂತೋಷದ ವಿಷಯವೇ. ಕಿರಿಕಿರಿ ಮಾಡುವ ಮಾತಿಗೆಲ್ಲ ಪೊಲೀಸರು ಬರಬಾರದು. ಅದಕ್ಕೇ ನಮ್ಮ ಗುಂಪಿನ ನಿಯಮ ನಾವೇ ಮಾಡಿಕೊಳ್ಳಬೇಕು ಅನ್ನುತ್ತೇನೆ.

ಎಲ್ಲಕ್ಕಿಂತ ಹೆಚ್ಚು ವಿರೋಧ ಬಂದದ್ದು ಒಂದು ಸಣ್ಣ ಸಾಲಿಗೆ: "ಗುಂಪಿನಲ್ಲಿ ಎಲ್ಲರಿಗೂ ಬಹುವಚನ." ಭಟ್ಟರಿಗೆ, ಗೌಡರಿಗೆ ಬಹುವಚನ ತಾನಾಗಿಯೇ ಬರುತ್ತದೆ. ಕೊನೆಗಾರರೂ ನಮ್ಮ ಗುಂಪಿನಲ್ಲಿದ್ದಾರೆ. ಮರ ಹತ್ತಿ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವವರು, ಔಷಧಿ ಹೊಡೆಯುವವರು, ರೋಗವನ್ನು ನಮಗಿಂತ ಮೊದಲು ನೋಡುವವರು. ಐವತ್ತು ದಾಟಿದ ಅವರಿಗೆ ಇಪ್ಪತ್ತೈದರ ಹುಡುಗರು "ಏ, ನಾಳೆ ಬಾರೋ" ಅಂತ ಎಲ್ಲರೆದುರು ಬರೆಯುತ್ತಿದ್ದರು. "ಅದು ಸಲಿಗೆ" ಅಂದರು ಕೆಲವರು. ಸಲಿಗೆ ಆಗಿದ್ದರೆ ಅವರೂ ತಿರುಗಿ "ಏ, ಬರಲ್ಲ ಹೋಗೋ" ಅನ್ನಬಹುದಿತ್ತಲ್ವಾ? ಯಾರೂ ಅನ್ನಲಿಲ್ಲ. ಮನೆಯಲ್ಲಿ, ತೋಟದಲ್ಲಿ ಹೇಗೆ ಕರೆಯುತ್ತೀರೋ ನಮ್ಮ ಕೈಯಲ್ಲಿಲ್ಲ. ಗುಂಪಿನಲ್ಲಿ ಮಾತ್ರ ಈ ನಿಯಮ ಬಿಡುವುದಿಲ್ಲ. ಇಬ್ಬರು ಸಿಟ್ಟಾಗಿ ಗುಂಪು ಬಿಟ್ಟರು. ಬಿಡಲಿ. ಕೊನೆಗಾರರೊಬ್ಬರು ಈಗ ಯಾವ ತೋಟದಲ್ಲಿ ಕೊಳೆ ಶುರುವಾಗಿದೆ ಅಂತ ಫೋಟೋ ಹಾಕುತ್ತಾರೆ. ಆ ಫೋಟೋ ನೋಡಿ ಪಕ್ಕದ ತೋಟದವರು ಮಳೆ ಬಿಡುವು ಕೊಟ್ಟ ದಿನವೇ ಔಷಧಿ ಹೊಡೆಸಿದ್ದಾರೆ.

ನಿಯಮ ಮುರಿದವರಿಗೆ ಮೊದಲು ಅಡ್ಮಿನ್ ಖಾಸಗಿಯಾಗಿ ಫೋನ್ ಮಾಡುತ್ತಾರೆ. ಆಮೇಲೂ ಮುಂದುವರಿದರೆ ಒಂದು ವಾರ ಹೊರಗೆ. ಅಡ್ಮಿನ್ ಮುರಿದರೂ ಇದೇ.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಟೈಪ್ ಮಾಡಲು ಬಾರದ ಹಿರಿಯರು ವಾಯ್ಸ್ ಮೆಸೇಜ್ ಹಾಕುತ್ತಾರೆ. ಐದು ನಿಮಿಷದ ಮಾತಿನಲ್ಲಿ ನಾಲ್ಕೂವರೆ ನಿಮಿಷ ಒಳ್ಳೆಯ ಅನುಭವ, ಅರ್ಧ ನಿಮಿಷ ಬೈಗುಳ. ಪೂರ್ತಿ ಅಳಿಸಿದರೆ ಅನುಭವವೂ ಹೋಯಿತು. ಬಿಟ್ಟರೆ ಬೈಸಿಕೊಂಡವರಿಗೆ ಅನ್ಯಾಯ. ನಿಮ್ಮ ಗುಂಪಿನಲ್ಲಿ ಇದಕ್ಕೆ ಏನು ಮಾಡಿದ್ದೀರಿ, ದಯವಿಟ್ಟು ಕೆಳಗೆ ಬರೆಯಿರಿ.