ತೂಕದ ಪೆಟ್ಟಿಗೆಯೊಳಗೆ ನುಸುಳುವ ಅಕ್ಷರಗಳು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರ ಲೆಕ್ಕದ ತಂತ್ರಾಂಶವನ್ನು ದುರಸ್ತಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ತೆರೆಯ ಮೇಲೆ ತೂಕ ಬರೆಯುವ ಪೆಟ್ಟಿಗೆಯು ಅಂಕಿಗಳನ್ನು ಮಾತ್ರ ಸ್ವೀಕರಿಸಲೆಂದು ಹಿಂದಿನವರು ವಿಂಡೋಸ್‌ನ ಎಡಿಟ್ ಕಂಟ್ರೋಲನ್ನು (ಅಕ್ಷರ ತುಂಬುವ ಸಿದ್ಧ ಪೆಟ್ಟಿಗೆಯನ್ನು) ಸಬ್‌ಕ್ಲಾಸ್ ಮಾಡಿ, ಅಂದರೆ ಅದಕ್ಕೆ ಬರುವ ಸಂದೇಶಗಳು ಮೊದಲು ತಮ್ಮ ಕೋಡ್‌ಗೆ ತಲುಪುವಂತೆ ಮಾಡಿ, ಕೀಲಿ ಒತ್ತಿದಾಗ ಅಕ್ಷರ ತರುವ ಡಬ್ಲ್ಯುಎಂ_ಚಾರ್ ಸಂದೇಶವನ್ನಷ್ಟೇ ತಡೆದು ಕೈತೊಳೆದುಕೊಂಡಿದ್ದಾರೆ. ಕೀಲಿಮಣೆಯ ದಾರಿ ಮುಚ್ಚಿತು ನಿಜ. ಆದರೆ ಗುಮಾಸ್ತರು ಬೇರೆಡೆಯಿಂದ ‘45 ಕೆಜಿ’ ಎಂಬುದನ್ನು ನಕಲಿಸಿಕೊಂಡು, ಮೌಸ್‌ನ ಬಲಗುಂಡಿ ಒತ್ತಿ ಅಂಟಿಸಿದರೆ ಅದು ಡಬ್ಲ್ಯುಎಂ_ಪೇಸ್ಟ್ ಎಂಬ ಬೇರೆ ಸಂದೇಶವಾಗಿ ಸಲೀಸಾಗಿ ಒಳಗೆ ಬರುತ್ತದೆ. (ಅಂಕಿಗಳನ್ನಷ್ಟೇ ಟೈಪಿಸಗೊಡುವ ಇಎಸ್_ನಂಬರ್ ಶೈಲಿಯನ್ನು ಹಾಕಿದ್ದರೂ ಇದೇ ಕತೆ, ಮೇಲಾಗಿ ದಶಮಾಂಶದ ಚುಕ್ಕೆಯನ್ನೂ ಟೈಪಿಸಲಾಗುತ್ತಿರಲಿಲ್ಲ.)

ಇದಕ್ಕಿಂತ ಸಿಟ್ಟು ತರಿಸುವುದು ಸಬ್‌ಕ್ಲಾಸ್ ಮಾಡಲು ಸೆಟ್‌ವಿಂಡೋಲಾಂಗ್‌ಪಿಟಿಆರ್ ಬಳಸಿದ ಹಳೆಯ ರೀತಿ. ಸಂದೇಶ ನಿಭಾಯಿಸುವ ಕೋಡ್‌ನ ವಿಳಾಸವನ್ನು ಬದಲಿಸಿ, ಹಿಂದಿನ ವಿಳಾಸವನ್ನು ತಾವೇ ಉಳಿಸಿಕೊಳ್ಳಬೇಕು; ಹೀಗೆ ಒಂದಕ್ಕೊಂದು ಸೇರಿ ಕೋಡ್‌ಗಳ ಸರಪಳಿಯಾಗುತ್ತದೆ. ಒಂದೇ ಪೆಟ್ಟಿಗೆಯನ್ನು ಅಂಕಿಗಾಗಿ ಒಬ್ಬರು, ಬಣ್ಣಕ್ಕಾಗಿ ಇನ್ನೊಬ್ಬರು ಸಬ್‌ಕ್ಲಾಸ್ ಮಾಡಿದ್ದು, ಮೊದಲು ಸೇರಿದ ಕೋಡ್ ಮೊದಲೇ ಹೊರಬೀಳುತ್ತ ತಾನು ಉಳಿಸಿಕೊಂಡಿದ್ದ ವಿಳಾಸವನ್ನು ಮರಳಿಸಿದೊಡನೆ, ನಂತರ ಸೇರಿದ್ದು ಸದ್ದಿಲ್ಲದೆ ಸರಪಳಿಯಿಂದ ಕಳಚಿಬೀಳುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯ ಕಾಲಕ್ಕೇ ಇದೇ ಕೆಲಸಕ್ಕೆ ಸೆಟ್‌ವಿಂಡೋಸಬ್‌ಕ್ಲಾಸ್ ಎಂಬ ಫಂಕ್ಷನ್ ಬಂದಿದೆ. ಸರಪಳಿಯನ್ನು ಅದೇ ನೋಡಿಕೊಳ್ಳುತ್ತದೆ, ಸಂದೇಶವನ್ನು ಮುಂದಕ್ಕೆ ದಾಟಿಸಲು ಡೆಫ್‌ಸಬ್‌ಕ್ಲಾಸ್‌ಪ್ರೊಕ್ ಇದೆ, ಪೆಟ್ಟಿಗೆ ಅಳಿಯುವ ಮುನ್ನ ಸಬ್‌ಕ್ಲಾಸನ್ನು ತೆಗೆದುಹಾಕುವುದನ್ನು ಮರೆಯದಿದ್ದರಾಯಿತು. ಇಷ್ಟು ವರ್ಷಗಳಾದ ಮೇಲೂ ಹಳೆಯ ಮಾದರಿಯನ್ನೇ ನಕಲಿಳಿಸುವ ಹಟ ಯಾವುದಕ್ಕೆ?