ಹೇಳಿ ಮಾಡಿಸಿದ ಫೈರ್ ಡ್ರಿಲ್

ನಮ್ಮ ಶಾಲೆಗಳಲ್ಲಿ ಫೈರ್ ಡ್ರಿಲ್, ಅಂದರೆ ಬೆಂಕಿ ಬಿದ್ದರೆ ಹೊರಗೆ ಬರುವ ಅಭ್ಯಾಸ, ನಡೆಯುವುದೇ ಅಪರೂಪ. ನಡೆದರೂ ಅದು ಆಗಸ್ಟ್ 15ರ ಕವಾಯತಿನ ತರ ಇರುತ್ತದೆ. ವಾರ ಮೊದಲೇ ಪೋಷಕರಿಗೆ ಮೆಸೇಜ್. ಮಕ್ಕಳು ಶೂ ಹಾಕಿಕೊಂಡು ರೆಡಿ. ಬೆಲ್ ಹೊಡೆದ ಕೂಡಲೇ ಸಾಲಾಗಿ ಇಳಿದು ಮೈದಾನಕ್ಕೆ ಬರುತ್ತಾರೆ, ಮಿಸ್ಸುಗಳು ಫೋಟೋ ತೆಗೆಯುತ್ತಾರೆ, ಗ್ರೂಪಿನಲ್ಲಿ ನಾವೆಲ್ಲ ಚಪ್ಪಾಳೆ ಒತ್ತುತ್ತೇವೆ.

ಡ್ರಿಲ್ ಇರುವುದು ಮಕ್ಕಳ ಶಿಸ್ತು ನೋಡುವುದಕ್ಕಲ್ಲ. ಕಟ್ಟಡ, ಬೀಗ, ದೊಡ್ಡವರು, ಈ ಮೂರನ್ನೂ ಪರೀಕ್ಷೆ ಮಾಡುವುದಕ್ಕೆ. ಹಾಗಾಗಿ ಮೊದಲೇ ಹೇಳಿ ಮಾಡಿದರೆ ಅರ್ಧ ಕೆಲಸವೇ ಕೆಟ್ಟಂತೆ.

ನನ್ನ ಮಗಳ ಶಾಲೆಗೆ ಹೊಸ ಹೆಡ್‌ಮಿಸ್ ಬಂದ ಮೇಲೆ ಒಂದು ಸಲ ಹೇಳದೇ ಕೇಳದೇ ಡ್ರಿಲ್ ಮಾಡಿಸಿದರು. ಪೋಷಕರಲ್ಲಿ ಇಬ್ಬರನ್ನು ಮಾತ್ರ ಕರೆಸಿದ್ದರು, ನಾನೊಬ್ಬ. ಮೊದಲನೇ ಮಹಡಿಯ ಮೆಟ್ಟಿಲ ಹತ್ತಿರ ನಿಂತಿದ್ದೆ. ಮೂರನೇ ಕ್ಲಾಸಿನ ಮಕ್ಕಳು ಬಾಗಿಲಿನವರೆಗೆ ಓಡಿ ಬಂದು ಗಕ್ಕನೆ ನಿಂತುಬಿಟ್ಟರು. ಯಾಕೆ? ಚಪ್ಪಲಿ! ಹೊರಗೆ ಬಿಟ್ಟ ರಾಶಿಯಲ್ಲಿ ತಮ್ಮ ಜೋಡಿ ಹುಡುಕುತ್ತಿದ್ದಾರೆ. ಹಿಂದಿನವರು ಮುಂದಿನವರ ಮೇಲೆ. ಮಿಸ್ಸು "ಬ್ಯಾಗ್ ಬಿಡ್ರೋ, ಬ್ಯಾಗ್ ಬಿಡ್ರೋ" ಅಂತ ಕೂಗುತ್ತಿದ್ದರೂ ಒಂದು ಮಗುವೂ ಬ್ಯಾಗು ಬಿಡಲಿಲ್ಲ. ಹಿಂದಿನ ಮೆಟ್ಟಿಲ ಕಡೆ ಹೋದವರು ವಾಪಸ್ ಬಂದರು. ಕೆಳಗೆ ಕೊಲಾಪ್ಸಿಬಲ್ ಗೇಟಿಗೆ ಬೀಗ. ಕೀ ಆಯಮ್ಮನ ಹತ್ತಿರ, ಆಯಮ್ಮ ಬ್ಯಾಂಕಿಗೆ ಹೋಗಿದ್ದಾರೆ. ಮೈದಾನದಲ್ಲಿ ತಲೆ ಎಣಿಸೋಣ ಅಂದರೆ ಹಾಜರಿ ಪುಸ್ತಕ ಮೇಲೆ ಟೇಬಲ್ ಮೇಲೇ ಉಳಿದಿದೆ. ಎಲ್ಲ ಮುಗಿಯುವ ಹೊತ್ತಿಗೆ ಟಾಯ್ಲೆಟ್ಟಿಗೆ ಹೋಗಿದ್ದ ಇಬ್ಬರು ಹುಡುಗಿಯರು ಒದ್ದೆ ಕೈ ಲಂಗಕ್ಕೆ ಒರೆಸಿಕೊಳ್ಳುತ್ತಾ ಇಳಿದು ಬಂದು, "ಎಲ್ರೂ ಯಾಕೆ ಇಲ್ಲಿದ್ದೀರ ಮಿಸ್?" ಅಂದರು.

ಅದಕ್ಕೂ ಹಿಂದಿನ ವರ್ಷ ಇದೇ ಶಾಲೆಯಲ್ಲಿ ಹೇಳಿ ಮಾಡಿದ ಡ್ರಿಲ್ ಬಹಳ ಚೆನ್ನಾಗಿ ಆಗಿತ್ತು. ಆ ದಿನ ಹಿಂದಿನ ಗೇಟು ಬೆಳಗ್ಗೆಯೇ ತೆಗೆದಿಟ್ಟಿದ್ದರು, ಅಷ್ಟೇ.

ಇದೆಲ್ಲ ಸಣ್ಣ ವಿಷಯ ಅನ್ನಿಸಿದರೆ ಕುಂಭಕೋಣಂ ನೆನಪು ಮಾಡಿಕೊಳ್ಳಿ. 2004ರ ಜುಲೈ 16. ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಗರಿಯ ಚಾವಣಿಗೆ ಹರಡಿತು. ಮೇಲಿನ ಮಹಡಿಯಲ್ಲಿದ್ದ ಪುಟಾಣಿಗಳಿಗೆ ಇಳಿಯುವುದಕ್ಕೆ ಇಕ್ಕಟ್ಟಾದ ಮೆಟ್ಟಿಲು. 94 ಮಕ್ಕಳು ಹೋದರು. ಆಮೇಲೆ 2009ರಲ್ಲಿ ಸುಪ್ರೀಂ ಕೋರ್ಟ್, ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನಲ್ಲೇ ಸೇರಿದೆ ಎಂದು ಹೇಳಿ, ಬೆಂಕಿ ಆರಿಸುವ ಸಾಧನ ಇಡಬೇಕು, ಸಿಬ್ಬಂದಿಗೆ ತರಬೇತಿ ಕೊಡಬೇಕು ಎಂದಿತು. ಅದಾಗಿ ಹತ್ತು ವರ್ಷಕ್ಕೆ, 2019ರ ಮೇ 24ರಂದು, ಸೂರತ್‌ನ ಕೋಚಿಂಗ್ ಸೆಂಟರಿನಲ್ಲಿ ಮೆಟ್ಟಿಲೇ ಬೆಂಕಿಗೆ ಸಿಕ್ಕಿತು. ಮಕ್ಕಳು ಕಿಟಕಿಯಿಂದ ಹಾರಿದ್ದನ್ನು ನಾವೆಲ್ಲ ಫೋನಿನಲ್ಲಿ ನೋಡಿದ್ದೇವೆ. 22 ಜನ ಸತ್ತರು. ಅದಕ್ಕೇ ಡ್ರಿಲ್ ದಿನ ಒಂದು ಮೆಟ್ಟಿಲಿಗೆ ಅಡ್ಡ ಬೆಂಚು ಇಟ್ಟು, "ಇಲ್ಲಿ ಹೊಗೆ ಇದೆ, ಈಗೇನು ಮಾಡ್ತೀರಿ?" ಅಂತ ಮೇಷ್ಟ್ರುಗಳನ್ನು ಕೇಳಬೇಕು.

ಹೊಗೆ ಅಂದೆನಲ್ಲ, ಬೆಂಕಿ ಹತ್ತಿರ ಬರುವ ಮೊದಲೇ ಕೊಲ್ಲುವುದು ಅದೇ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರಲ್ಲಿ 9 ಜನ ಸತ್ತಾಗಲೂ ಕಟ್ಟಡದ ತುಂಬ ಹೊಗೆಯೇ. ಬಿಸಿ ಹೊಗೆ ಮೇಲಕ್ಕೆ ಏರುತ್ತದೆ, ನೆಲದ ಹತ್ತಿರ ಇನ್ನೂ ಉಸಿರಾಡುವ ಗಾಳಿ ಇರುತ್ತದೆ. ಹಾಗಾಗಿ ಬಗ್ಗಿ, ಬೇಕಾದರೆ ಅಂಬೆಗಾಲಿಟ್ಟು ಹೋಗುವುದನ್ನು ಮಕ್ಕಳಿಗೆ ನಿಜಕ್ಕೂ ಮಾಡಿಸಿ ಕಲಿಸಬೇಕು. ಒಂದನೇ ಕ್ಲಾಸಿನವರಿಗೆ ಇದು ಆಟ, ಖುಷಿಯಿಂದ ಮಾಡುತ್ತಾರೆ. ಚಿಕ್ಕವರಿಗೆ ಇನ್ನೊಂದು ಮಾತು ಬಿಡಿಸಿ ಹೇಳಬೇಕು: ಬಚ್ಚಿಟ್ಟುಕೊಳ್ಳಬೇಡಿ. ಹೆದರಿದ ಮಗು ಬೆಂಚಿನ ಕೆಳಗೋ ಟಾಯ್ಲೆಟ್ಟಿನೊಳಗೋ ಸೇರಿಕೊಂಡರೆ ಹೊಗೆಯಲ್ಲಿ ಹುಡುಕುವುದು ಕಷ್ಟ.

"ಮಕ್ಕಳು ಹೆದರ್ತಾರೆ ಸರ್" ಅನ್ನುವವರು ಇದ್ದಾರೆ. ಮೊದಲನೇ ಸಲ ಒಂದಿಬ್ಬರು ಅಳಬಹುದು. ಅದಕ್ಕೆ ಮೊದಲು ಒಂದೆರಡು ಸಲ ಹೇಳಿಯೇ ಮಾಡಿ, ಆಮೇಲೆ ಹೇಳದೇ ಮಾಡಿ. ನನ್ನ ಮಗಳಂತೂ ಆ ದಿನ ಮನೆಗೆ ಬಂದು ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಯಾರೋ ಇಟ್ಟ ಸೈಕಲ್ ತೋರಿಸಿ ಜಗಳಕ್ಕೇ ನಿಂತಳು.

ಹಳ್ಳಿ ಸರ್ಕಾರಿ ಶಾಲೆಗಳಲ್ಲಿ ಬಹಳ ಕಡೆ ನೆಲಮಹಡಿ ಮಾತ್ರ, ಹೊರಗೆ ಬರುವುದು ಸುಲಭ. ಅಲ್ಲಿ ಚಿಂತೆ ಇರುವುದು ಬಿಸಿಯೂಟದ ಕೋಣೆಯ ಸಿಲಿಂಡರಿನದ್ದು. ಬೆಂಕಿ ಆರಿಸುವ ಎಕ್ಸ್‌ಟಿಂಗ್ವಿಷರ್ ಹೆಡ್‌ಮಾಸ್ತರ ರೂಮಿನಲ್ಲಿ ಇದ್ದರೆ ಏನು ಬಂತು? ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಆಫ್ ಮಾಡಿ, ಸ್ವಿಚ್ ಮುಟ್ಟದೇ, ಕಿಟಕಿ ಬಾಗಿಲು ತೆಗೆದು ಹೊರಗೆ ಬರುವುದನ್ನು ಅಡುಗೆಯವರಿಗೆ ಕೈ ಹಿಡಿದು ಕಲಿಸಬೇಕು. ಎಕ್ಸ್‌ಟಿಂಗ್ವಿಷರಿನ ಪಿನ್ ಎಳೆದು ಬೆಂಕಿಯ ಬುಡಕ್ಕೆ ಹೊಡೆಯುವುದನ್ನೂ ಅವರಿಗೇ ಮೊದಲು ಹೇಳಿಕೊಡಬೇಕು.

ಇನ್ನೊಂದು ತಮಾಷೆ ನೋಡಿ. 1944ರ ಏಪ್ರಿಲ್ 14ರ ಮುಂಬೈ ಬಂದರಿನ ಸ್ಫೋಟದಲ್ಲಿ ಸತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ದೇಶದಲ್ಲೆಲ್ಲ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ! ಮಕ್ಕಳೆಲ್ಲ ಅಜ್ಜಿ ಮನೆಯಲ್ಲಿ. ಹಾಗಾಗಿ ಜೂನ್‌ನಲ್ಲೇ ಹತ್ತಿರದ ಅಗ್ನಿಶಾಮಕ ಠಾಣೆಗೆ ಪತ್ರ ಕೊಟ್ಟು ಅವರನ್ನು ಶಾಲೆಗೆ ಕರೆಸೋಣ ಅಂತ ನಮ್ಮ ಪೋಷಕರ ಗ್ರೂಪಿನಲ್ಲಿ ಹಾಕಿದ್ದೇನೆ. ಐದು ಜನ ಓಕೆ ಅಂದಿದ್ದಾರೆ. ಒಬ್ಬರು "ಫೋಟೋಗ್ರಾಫರ್ ಬೇಕಾ?" ಅಂತ ಕೇಳಿದ್ದಾರೆ.